ಮಾಟುಂಗಾದ ಒಂದು ಕಟ್ಟಡ, ಅರವತ್ತು ಕಾರುಗಳ ಜಾಗ: ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ, ಸೆಂಟ್ರಲ್ ಲೈನಿನ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಇರುವ ಒಂದು ಹಳೆಯ ಕಟ್ಟಡ ಈ ಅಧ್ಯಯನದ ವಸ್ತು. ನಾಲ್ಕು ಅಂತಸ್ತು, 24 ಮನೆ, ರಸ್ತೆಯ ಬದಿಗೆ ಮೂರು ಅಂಗಡಿ. ನಿವೇಶನ ಸುಮಾರು 1000 ಚದರ ಮೀಟರ್. ಎಲ್ಲರೂ ಪಗಡಿ ಬಾಡಿಗೆದಾರರು, ಅಂದರೆ ಮೊದಲಿಗೆ ಇಡುಗಂಟು ಕೊಟ್ಟು ಅಲ್ಪ ಬಾಡಿಗೆಗೆ ತಲೆಮಾರುಗಳಿಂದ ಇರುವವರು. ಕಟ್ಟಡ ರಾಜ್ಯದ ಗೃಹ ಮಂಡಳಿಯಾದ ಮ್ಹಾಡಾದ ಸೆಸ್ ಪಟ್ಟಿಯಲ್ಲಿದೆ, ಅಂದರೆ ದುರಸ್ತಿಗಾಗಿ ಸೆಸ್ ಕಟ್ಟುವ ಹಳೆಯ ಕಟ್ಟಡಗಳಲ್ಲಿ ಒಂದು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕನ್ನಡ ಮಾತನಾಡುತ್ತಾರೆ. ಉಡುಪಿ, ಉತ್ತರ ಕನ್ನಡ ಮತ್ತು ಧಾರವಾಡದ ಕಡೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಇವರು. ಮಾಲೀಕರ ವಾರಸುದಾರರು ಕಟ್ಟಡವನ್ನು ಕೆಡವಿ ಕಟ್ಟುವ ಹಕ್ಕನ್ನು ಒಬ್ಬ ಬಿಲ್ಡರ್‌ಗೆ ಕೊಟ್ಟಾಗ, ನಕ್ಷೆಯನ್ನು ಓದಿ ಹೇಳಲು ಬಾಡಿಗೆದಾರರ ಸಂಘ ನನ್ನನ್ನು ಕರೆಯಿತು. ನಗರ ಯೋಜನೆ ನನ್ನ ವೃತ್ತಿ. ಕಟ್ಟಡದ ಹೆಸರನ್ನೂ ಬಿಲ್ಡರ್ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಇಂಥದೇ ನಕ್ಷೆ ಈ ನಗರದಲ್ಲಿ ಗಲ್ಲಿಗೊಂದು ಸಿಗುವುದರಿಂದ ಹೆಸರಿನ ಅಗತ್ಯವೂ ಇಲ್ಲ.

ಸಂಘದವರು ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ನಮಗೆ ಎಷ್ಟು ಚದರಡಿ ಕಾರ್ಪೆಟ್ (ಗೋಡೆಗಳ ಒಳಗಿನ ಬಳಕೆಯ ಜಾಗ) ಸಿಗುತ್ತದೆ, ಬೇರೆಡೆ ಇರುವ ಅವಧಿಗೆ ಬಾಡಿಗೆ ಎಷ್ಟು, ಕಾರ್ಪಸ್ ಫಂಡ್ (ಮುಂದಿನ ನಿರ್ವಹಣೆಗೆ ಬಿಲ್ಡರ್ ಕೊಡುವ ಇಡುಗಂಟು) ಎಷ್ಟು? ಇವೆಲ್ಲ ಮುಖ್ಯವೇ. ಆದರೆ ನಕ್ಷೆ ಬಿಚ್ಚಿದಾಗ ನನ್ನ ಕಣ್ಣು ನಿಂತದ್ದು ಮೊದಲ ನಾಲ್ಕು ಮಹಡಿಗಳ ಮೇಲೆ. ಅಲ್ಲಿ ಒಂದು ಮನೆಯೂ ಇರಲಿಲ್ಲ. ಅಷ್ಟೂ ಮಹಡಿಗಳು ಕಾರುಗಳದ್ದು. ಹಳೆಯ ಕಟ್ಟಡದಲ್ಲಿ ಜನ ವಾಸವಾಗಿರುವ ಎತ್ತರದಷ್ಟನ್ನು ಹೊಸ ಕಟ್ಟಡದಲ್ಲಿ ವಾಹನಗಳಿಗೆ ಬಿಟ್ಟು, ಅದರ ಮೇಲಿಂದ ಮನೆಗಳು ಆರಂಭವಾಗುತ್ತಿದ್ದವು.

ರೈಲು ಮಾಡಿಕೊಟ್ಟ ಊರು

ಮಾಟುಂಗಾ ಹೇಗೆ ಹುಟ್ಟಿತು ಎಂಬುದನ್ನು ಬಿಟ್ಟು ಈ ನಕ್ಷೆಯನ್ನು ತೂಗಲಾಗದು. 1896ರ ಪ್ಲೇಗ್ ಹಳೆಯ ಬೊಂಬಾಯಿಯ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್–ಮಾಟುಂಗಾ ಬಡಾವಣೆ ಅದರ ಕೆಲಸ. ಅಗಲವಾದ ರಸ್ತೆಗಳು, ಫೈವ್ ಗಾರ್ಡನ್ಸ್, ಕಿಂಗ್ಸ್ ಸರ್ಕಲ್, ಸುತ್ತಲೂ ಗಾಳಿ ಬೆಳಕಿಗೆ ಜಾಗ ಬಿಟ್ಟು ಕಟ್ಟಿದ ಮೂರು–ನಾಲ್ಕು ಅಂತಸ್ತಿನ ಮನೆಗಳು. ಅಷ್ಟು ದೂರ, ಅಂದಿನ ಲೆಕ್ಕದಲ್ಲಿ ಊರಾಚೆ, ಮಧ್ಯಮ ವರ್ಗದವರು ಬಂದು ನೆಲೆಸಲು ಧೈರ್ಯ ಮಾಡಿದ್ದಕ್ಕೆ ಕಾರಣ ಸಾರಿಗೆ. ಬೋರಿ ಬಂದರ್‌ನಿಂದ ಥಾಣೆಗೆ 1853ರ ಏಪ್ರಿಲ್ 16ರಂದು ಓಡಿದ ಮೊದಲ ರೈಲಿನ ಹಾದಿ ಈ ಬಡಾವಣೆಯ ಪಕ್ಕದಲ್ಲೇ ಇತ್ತು. 1907ರಲ್ಲಿ ವಿದ್ಯುತ್ ಟ್ರಾಮ್, 1925ರಲ್ಲಿ ವಿದ್ಯುತ್ ರೈಲು, 1926ರಲ್ಲಿ ಬಸ್ಸು ನಗರಕ್ಕೆ ಬಂದವು. ಟ್ರಾಮ್ ನಿಂತು ಅರವತ್ತು ವರ್ಷ ದಾಟಿದರೂ ದಾದರ್ ಟಿ.ಟಿ. ಎಂಬ ಹೆಸರಿನಲ್ಲಿ ಅದರ ಟರ್ಮಿನಸ್ ಇನ್ನೂ ಉಳಿದಿದೆ.

ಕೋಟೆ ಪ್ರದೇಶದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ದಕ್ಷಿಣ ಭಾರತೀಯರು ಮಾಟುಂಗಾಕ್ಕೆ ಬಂದದ್ದು ಈ ರೈಲು, ಟ್ರಾಮುಗಳ ಬಲದ ಮೇಲೆ. 1926ರಲ್ಲಿ ಇಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು, 1933ರಲ್ಲಿ ಕರ್ನಾಟಕ ಸಂಘ. ನಿಲ್ದಾಣದ ಎದುರಿನ ಉಡುಪಿ ಊಟದ ಮನೆಗಳಿಗೆ ಗಿರಾಕಿಗಳನ್ನು ತಂದು ಇಳಿಸಿದ್ದೂ ಲೋಕಲ್ ರೈಲೇ. ಮುಂದಿನ ತಲೆಮಾರಿಗೆ ಮಾಟುಂಗಾ ದುಬಾರಿಯಾದಾಗ ಅವರು ಚೆದುರಿದ್ದೂ ಹಳಿಗಳ ಗುಂಟ: ಹಾರ್ಬರ್ ಲೈನಿನಲ್ಲಿ ಚೆಂಬೂರು, ವೆಸ್ಟರ್ನ್‌ನಲ್ಲಿ ಗೋರೆಗಾಂವ್, ಸೆಂಟ್ರಲ್‌ನಲ್ಲಿ ಮುಲುಂಡ್, ಡೊಂಬಿವಲಿ. ಮುಂಬಯಿಯ ಕನ್ನಡ ಸಂಘಗಳ ವಿಳಾಸಗಳನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರೆ ಬಹುಮಟ್ಟಿಗೆ ರೈಲು ನಿಲ್ದಾಣಗಳ ಪಟ್ಟಿಯೇ ಸಿಗುತ್ತದೆ. ನಮ್ಮ ಜನರ ವಲಸೆಯ ಚರಿತ್ರೆಯನ್ನು ಹೇಳುವಾಗ ಹೋಟೆಲು, ಬ್ಯಾಂಕು, ಸಾಹಿತ್ಯದ ಮಾತಾಡುತ್ತೇವೆ. ತಿಂಗಳ ಪಾಸಿಗೆ ಸಲ್ಲಬೇಕಾದ ಪಾಲನ್ನು ಯಾರೂ ಕೊಟ್ಟಿಲ್ಲ ಎಂಬ ಕೊರಗು ನನಗಿದೆ.

ಇಂಥ ಊರಿನಲ್ಲಿ ನೆಲದ ಬಳಕೆ ಒಂದು ಬಗೆಯಲ್ಲಿ ಕೂಡಿಕೊಳ್ಳುತ್ತದೆ. ರೈಲಿನಿಂದ ಇಳಿದವನಿಗೆ ಮನೆಯ ತನಕ ಬೇಕಾಗುವುದು ಕಾಲುದಾರಿ ಮಾತ್ರ. ಆ ದಾರಿಯಲ್ಲಿ ಹೂವು, ತರಕಾರಿ, ಕಾಫಿ ಪುಡಿ, ಔಷಧಿ ಎಲ್ಲವೂ ಸಿಗಬೇಕು. ಆದ್ದರಿಂದ ಕೆಳಗೆ ಅಂಗಡಿ, ಮೇಲೆ ಮನೆ. ಹತ್ತು ನಿಮಿಷದ ನಡಿಗೆಯ ಒಳಗೆ ಎಷ್ಟು ಹೆಚ್ಚು ಮನೆಗಳಿದ್ದರೆ ಅಷ್ಟು ವ್ಯಾಪಾರ, ಅಷ್ಟು ರೈಲು. ಕಾರು ಇದನ್ನು ತಿರುವುಮುರುವು ಮಾಡುತ್ತದೆ. ಅದಕ್ಕೆ ಮನೆಯಲ್ಲಿ ಒಂದು ಜಾಗ, ಕಚೇರಿಯಲ್ಲಿ ಒಂದು ಜಾಗ, ಅಂಗಡಿಯ ಮುಂದೆ ಒಂದು ಜಾಗ ಬೇಕು. ದಿನದ ಹೆಚ್ಚು ಹೊತ್ತು ನಿಂತೇ ಇರುವ ಆ ವಾಹನಕ್ಕೆ ಒದಗಿಸಿದ ಜಾಗ ಬೇರೆ ಯಾವುದಕ್ಕೂ ಉಳಿಯುವುದಿಲ್ಲ. ಜಾಗ ಧಾರಾಳವಾಗಿರುವ ಊರಿನಲ್ಲಿ ಇದರಿಂದ ಊರು ಹರಡಿಕೊಳ್ಳುತ್ತದೆ. ಮೂರು ಕಡೆ ನೀರಿರುವ ಮುಂಬಯಿಯಲ್ಲಿ ಹರಡಲು ಎಡೆಯಿಲ್ಲ. ಹಾಗಾಗಿ ಕಾರು ಮನೆಗಳ ಕೆಳಗೆ ನುಗ್ಗಿ ಮನೆಗಳನ್ನು ಮೇಲಕ್ಕೆ ನೂಕುತ್ತದೆ.

ನಕ್ಷೆಯ ಲೆಕ್ಕ

ಇಲ್ಲಿ ಸ್ವಲ್ಪ ಅಂಕಿಗಳನ್ನು ಸಹಿಸಿಕೊಳ್ಳಬೇಕು, ಯಾಕೆಂದರೆ ವಿಷಯ ಇರುವುದೇ ಅಂಕಿಗಳಲ್ಲಿ.

ಸೆಸ್ ಕಟ್ಟಡಗಳ ಮರುನಿರ್ಮಾಣಕ್ಕೆ ನಗರದ ಕಟ್ಟಡ ನಿಯಮಾವಳಿಯ ನಿಯಮ 33(7)ರ ಅಡಿ 3 ಎಫ್‌ಎಸ್‌ಐ ಸಿಗುತ್ತದೆ. ಅಂದರೆ 1000 ಚದರ ಮೀಟರ್ ನಿವೇಶನದ ಮೇಲೆ 3000 ಚದರ ಮೀಟರ್ ಕಟ್ಟಬಹುದು. ಅದರ ಮೇಲೆ 35 ಶೇಕಡಾ ಫಂಜಿಬಲ್ (ಹೆಚ್ಚುವರಿಯಾಗಿ ಕಟ್ಟಲು ಬಿಡುವ ಪಾಲು) ಸೇರಿದರೆ ಸ್ಥೂಲವಾಗಿ 4050. ಹಳೆಯ 24 ಮನೆಗಳಿಗೆ ತಲಾ 45 ಚದರ ಮೀಟರ್ ಕಾರ್ಪೆಟ್ ಕೊಡುವುದಕ್ಕೆ ಗೋಡೆ, ಓಡಾಟದ ಜಾಗ ಸೇರಿ ಸುಮಾರು 1350 ಹೋಗುತ್ತದೆ. ಉಳಿದ 2700 ಬಿಲ್ಡರ್ ಮಾರುವ ಪಾಲು. ಅವರ ನಕ್ಷೆಯಲ್ಲಿ ಅದನ್ನು 24 ದೊಡ್ಡ ಫ್ಲ್ಯಾಟ್‌ಗಳಾಗಿ ಹಂಚಲಾಗಿತ್ತು, ಒಂದೊಂದೂ 90 ಚದರ ಮೀಟರ್‌ಗಿಂತ ದೊಡ್ಡದು.

ಆ 90 ಎಂಬ ಗೆರೆಯ ಮಹತ್ವವನ್ನು ಗಮನಿಸಿ. 2018ರಲ್ಲಿ ಜಾರಿಗೆ ಬಂದ ಮುಂಬಯಿಯ ಕಟ್ಟಡ ನಿಯಮಾವಳಿ ಡಿಸಿಪಿಆರ್ 2034ರ ಪ್ರಕಾರ 45 ಚದರ ಮೀಟರ್‌ವರೆಗಿನ ನಾಲ್ಕು ಮನೆಗಳಿಗೆ ಒಂದು ಕಾರಿನ ಜಾಗ ಸಾಕು. 45ರಿಂದ 60ರವರೆಗೆ ಎರಡು ಮನೆಗೆ ಒಂದು, 60ರಿಂದ 90ರವರೆಗೆ ಮನೆಗೊಂದು. 90 ದಾಟಿದರೆ ಮನೆಗೆ ಎರಡು. ಇದು ಕನಿಷ್ಠ. ಹೀಗಾಗಿ 24 ದೊಡ್ಡ ಫ್ಲ್ಯಾಟ್‌ಗಳಿಗೆ 48, ಹಳೆಯ 24 ಮನೆಗಳಿಗೆ ಒಟ್ಟು 6, ಬಂದುಹೋಗುವವರ ಕಾರುಗಳು ಸೇರಿ ಸುಮಾರು 60 ಜಾಗಗಳು ಬೇಕಾದವು.

ಒಂದು ಕಾರಿಗೆ ಎಷ್ಟು ನೆಲ? ಕಾರು ನಿಲ್ಲುವ ಚೌಕ 2.5 ಮೀಟರ್ ಅಗಲ, 5.5 ಮೀಟರ್ ಉದ್ದ ಎಂದಿಟ್ಟುಕೊಂಡರೆ 14 ಚದರ ಮೀಟರ್‌ಗೂ ಕಡಿಮೆ. ಆದರೆ ಆ ಚೌಕದ ತನಕ ಕಾರು ಬರಬೇಕಲ್ಲ! ತಿರುಗಲು, ಏರಲು, ಇಳಿಯಲು ಬೇಕಾದ ಜಾಗ ಸೇರಿಸಿ ದೆಹಲಿಯ ಮಾಸ್ಟರ್ ಪ್ಲಾನ್ 2021 ಕೊಡುವ ಲೆಕ್ಕ ಹೀಗಿದೆ: ಬಯಲಿನಲ್ಲಿ 23, ನೆಲಮಟ್ಟದ ಮುಚ್ಚಿದ ಜಾಗದಲ್ಲಿ 28, ಬೇಸ್‌ಮೆಂಟಿನಲ್ಲಿ 32 ಚದರ ಮೀಟರ್. ಪೋಡಿಯಂಗೆ, ಅಂದರೆ ಮನೆಗಳ ಕೆಳಗಿನ ಕಾರು ಮಹಡಿಗಳಿಗೆ, 30 ಎಂದು ಹಿಡಿದರೆ ನಮ್ಮ 60 ಕಾರುಗಳಿಗೆ 1800 ಚದರ ಮೀಟರ್ ಬೇಕು. ಹಳೆಯ 24 ಕುಟುಂಬಗಳು ಮರಳಿ ಪಡೆಯುವ ಮನೆಗಳ ಒಟ್ಟು ಕಾರ್ಪೆಟ್ 1080.

ಇದೇ ನಗರದಲ್ಲಿ ಕೊಳೆಗೇರಿ ಪುನರ್ವಸತಿಯ ಒಂದು ಕುಟುಂಬಕ್ಕೆ ಕೊಡುವ ಮನೆ 300 ಚದರಡಿ, ಅಂದರೆ 27.88 ಚದರ ಮೀಟರ್. ನಮ್ಮ ಪೋಡಿಯಂನ ಒಂದೊಂದು ಕಾರೂ ಅದಕ್ಕಿಂತ ಹೆಚ್ಚು ನೆಲ ಹಿಡಿಯುತ್ತದೆ. ಎಷ್ಟು ವರ್ಷಗಳಿಂದ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೂ ನನಗೆ ಅದು ಸಹಜವೆನಿಸಿಲ್ಲ.

ಪಾರ್ಕಿಂಗ್ ಮಹಡಿಗಳು ಎಫ್‌ಎಸ್‌ಐ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ ಯಾರ ಮನೆಯನ್ನೂ ಕಿತ್ತುಕೊಳ್ಳುವುದಿಲ್ಲ ಎಂದು ಬಿಲ್ಡರ್ ಕಡೆಯ ವಾಸ್ತುಶಿಲ್ಪಿ ಹೇಳಿದರು. ಕಾಗದದ ಮೇಲೆ ಅದು ನಿಜ. ಆದರೆ ಆ ಮಹಡಿಗಳಿಗೂ ಕಂಬ, ಕಾಂಕ್ರೀಟು, ಲಿಫ್ಟು, ಅಗ್ನಿಶಾಮಕ ವ್ಯವಸ್ಥೆ ಬೇಕು. ಆ ಖರ್ಚು ಮನೆಗಳ ಬೆಲೆಗೆ ಸೇರುತ್ತದೆ, ಆಮೇಲೆ ಪ್ರತಿ ತಿಂಗಳ ನಿರ್ವಹಣಾ ವೆಚ್ಚಕ್ಕೂ. ಎಲ್ಲಕ್ಕಿಂತ ಮಿಗಿಲಾಗಿ, ಲೆಕ್ಕಕ್ಕೆ ಸೇರದ ವಸ್ತುವನ್ನು ಯಾರೂ ಉಳಿತಾಯ ಮಾಡುವುದಿಲ್ಲ. ಒಂದು ಬಾಲ್ಕನಿಗೆ ಇಂಚಿಂಚು ಲೆಕ್ಕ ಹಾಕುವ ನಿಯಮಾವಳಿ ನಾಲ್ಕು ಮಹಡಿಗಳನ್ನು ಎಣಿಸದೆ ಬಿಟ್ಟರೆ ಕಟ್ಟುವವರು ಯಾವ ಕಡೆ ವಾಲುತ್ತಾರೆ?

ಬೇರೆ ದಾರಿಯ ಲೆಕ್ಕವನ್ನೂ ಸಂಘದ ಮುಂದಿಟ್ಟೆ. ಅದೇ 2700 ಚದರ ಮೀಟರ್‌ಗಳಲ್ಲಿ 45 ಚದರ ಮೀಟರ್ ಕಾರ್ಪೆಟ್‌ನ 48 ಮನೆಗಳನ್ನು ಕಟ್ಟಬಹುದು. ಅವಕ್ಕೆ ಬೇಕಾಗುವ ಕಾರಿನ ಜಾಗ 12. ಹಳೆಯ ಮನೆಗಳ 6, ಅತಿಥಿಗಳ ಒಂದೆರಡು ಸೇರಿ 20ರ ಆಸುಪಾಸು. ಪೋಡಿಯಂ ಒಂದೂವರೆ ಮಹಡಿಗೆ ಇಳಿಯುತ್ತದೆ. ಕಟ್ಟಡ ಗಿಡ್ಡವಾಗುತ್ತದೆ, ಅದರೊಳಗಿನ ಕುಟುಂಬಗಳ ಸಂಖ್ಯೆ 48ರಿಂದ 72ಕ್ಕೆ ಏರುತ್ತದೆ. ಎತ್ತರದ ಕಟ್ಟಡ ಬಂದರೆ ಜನಸಾಂದ್ರತೆ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ಒಂದು ನಿವೇಶನದಲ್ಲಿ ಅದು ತಲೆಕೆಳಗಾಗುವುದನ್ನು ಕೂಡಿಸಿ ಕಳೆದು ನೋಡಬಹುದು.

ಇಡೀ ನಗರದ ಮಟ್ಟದಲ್ಲೂ ಸುಳಿವುಗಳಿವೆ. 2001ರ ಜನಗಣತಿಯಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷ, 2011ರಲ್ಲಿ 30.85 ಲಕ್ಷ. ಅದೇ ಹತ್ತು ವರ್ಷಗಳಲ್ಲಿ ಪರೇಲ್, ವರ್ಲಿ, ಲೋವರ್ ಪರೇಲ್‌ಗಳ ಗಿರಣಿ ನೆಲದಲ್ಲಿ ಗೋಪುರಗಳು ಏಳುತ್ತಿದ್ದವು. ಉಪನಗರ ಜಿಲ್ಲೆ 86.40 ಲಕ್ಷದಿಂದ 93.57 ಲಕ್ಷಕ್ಕೆ ಬೆಳೆಯಿತು. ಜನ ಕಡಿಮೆಯಾಗಲು ಕಾರಣಗಳು ಹಲವು: ಗಿರಣಿಗಳು ಮುಚ್ಚಿದ್ದು, ಕುಟುಂಬಗಳು ಚಿಕ್ಕದಾದದ್ದು, ಮನೆಗಳು ಕಚೇರಿಗಳಾದದ್ದು. ದೊಡ್ಡ ಫ್ಲ್ಯಾಟು, ಅದರ ಕೆಳಗೆ ಎರಡೆರಡು ಕಾರು ಎಂಬ ಮಾದರಿಯೂ ಅವುಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ರೈಲಿಗೆ ಅತ್ಯಂತ ಹತ್ತಿರದ ನೆಲದಲ್ಲಿ ರೈಲು ಹತ್ತದವರು ನೆಲೆಸುತ್ತಾರೆ; ರೈಲನ್ನೇ ನೆಚ್ಚಿದವರು ವಿರಾರ್, ಬದಲಾಪುರಗಳಿಂದ ಬಾಗಿಲಲ್ಲಿ ಜೋತು ಬರುತ್ತಾರೆ.

ಸಭೆಯಲ್ಲಿ ಕೇಳಿದ ಮಾತುಗಳು

ಸಂಘದ ಸಭೆ ಕಟ್ಟಡದ ಮೆಟ್ಟಿಲ ಬಳಿಯ ಅಂಗಳದಲ್ಲಿ ನಡೆಯಿತು. ನನ್ನ ಲೆಕ್ಕ ಕೇಳಿ ಎಲ್ಲರೂ ತಲೆಯಾಡಿಸಿದರೆಂದು ಬರೆದರೆ ಸುಳ್ಳಾಗುತ್ತದೆ.

“ನಮಗೆ ಕಾರಿಲ್ಲ, ನಿಜ. ನಾಳೆ ಮೊಮ್ಮಗ ಕೊಂಡರೆ ಎಲ್ಲಿ ನಿಲ್ಲಿಸಬೇಕು?” ಎಂದು ಮೂರನೇ ಮಹಡಿಯ ಅಜ್ಜಿ ಕೇಳಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಾಮ ಇನ್ನೂ ನೇರವಾಗಿ ಹೇಳಿದರು: “ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಲೋಕಲ್ ಹಿಡಿದು ಆಸ್ಪತ್ರೆಗೆ ಹೋಗಲೇನು, ತಂಗೀ?”

ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮಧ್ಯರಾತ್ರಿಯ ನಂತರ ಕೆಲವು ಗಂಟೆ ಲೋಕಲ್ ಓಡುವುದೇ ಇಲ್ಲ. ಆಟೋರಿಕ್ಷಾಗಳಿಗೆ ಸಯನ್‌ನಿಂದ ದಕ್ಷಿಣಕ್ಕೆ ಪ್ರವೇಶವಿಲ್ಲ. ಮಾಟುಂಗಾದವರಿಗೆ ಟ್ಯಾಕ್ಸಿಯೇ ಗತಿ, ಹತ್ತಿರದ ಬಾಡಿಗೆಗೆ ಟ್ಯಾಕ್ಸಿಯವರು ಬರಲು ಒಪ್ಪುವುದು ಅಪರೂಪ. ಒಂದು ಕಾಲದಲ್ಲಿ 4000 ದಾಟಿದ್ದ, ನಗರದ ಬಸ್ ಸಂಸ್ಥೆ ಬೆಸ್ಟ್‌ನ ಬಸ್ಸುಗಳ ಸಂಖ್ಯೆ 3000ಕ್ಕಿಂತ ಕೆಳಗೆ ಬಂದಿದೆ. 2025ರ ಮೇ ತಿಂಗಳಲ್ಲಿ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು. ಮೊಣಕಾಲು ನೋವಿನ ಹಿರಿಯರಿಗೆ ನಿಲ್ದಾಣದ ಸೇತುವೆ ಹತ್ತುವುದೇ ಒಂದು ಯಾತ್ರೆ. ಸಾರ್ವಜನಿಕ ಸಾರಿಗೆ ಕುಂಟಿದಲ್ಲೆಲ್ಲ ಕಾರಿನ ಬೇಡಿಕೆ ಹುಟ್ಟುತ್ತದೆ, ಆ ಬೇಡಿಕೆ ನ್ಯಾಯವಾದದ್ದೇ. ಕಾರು ಕೊಂಡವರನ್ನು ಬೈದು ನಗರ ಸುಧಾರಿಸುವುದಿಲ್ಲ.

ಆದರೆ ಮಾಮ ಕೇಳಿದ್ದು ರಾತ್ರಿ ಎರಡು ಗಂಟೆಗೆ ಬಾಗಿಲ ಬಳಿ ಬಂದು ನಿಲ್ಲುವ ಒಂದು ವಾಹನವನ್ನು. ನಕ್ಷೆ ಕೊಟ್ಟದ್ದು ಮಾರಾಟದ ಪ್ರತಿ ಫ್ಲ್ಯಾಟಿಗೆ ಎರಡು ಕಾರಿನ ಜಾಗ, ಮಾಮನಂಥ ನಾಲ್ಕು ಮನೆಗಳಿಗೆ ಒಂದು. ಅವರ ಭಯವನ್ನು ಮುಂದಿಟ್ಟುಕೊಂಡು ಕಟ್ಟಿದ ಪಾರ್ಕಿಂಗ್ ಅವರ ಪಾಲಿಗೆ ಬರುವುದೇ ಇಲ್ಲ. ಇದನ್ನು ವಿವರಿಸಿದಾಗ ಸಭೆಯ ಧಾಟಿ ಬದಲಾಯಿತು.

ಅಂಗಡಿಯವರ ಸಂಕಟ ಬೇರೆ. ಹೊಸ ನಕ್ಷೆಯಲ್ಲಿ ರಸ್ತೆಯ ಮುಖವಿಡೀ ರ‍್ಯಾಂಪು, ಟ್ರಾನ್ಸ್‌ಫಾರ್ಮರ್, ಕಾವಲುಗಾರನ ಕೋಣೆಗೆ ಹೋಗಿತ್ತು. ಮೂರೂ ಅಂಗಡಿಗಳನ್ನು ಪಕ್ಕದ ಓಣಿಗೆ ತಿರುಗಿಸಿ ಇಟ್ಟಿದ್ದರು. ಕಾಫಿ ಪುಡಿ ಮಾರುವ ಅಂಗಡಿ ನಿಲ್ದಾಣದ ದಾರಿಯಿಂದ ಹತ್ತು ಹೆಜ್ಜೆ ಒಳಸರಿದರೂ ಸಂಜೆಯ ವ್ಯಾಪಾರ ಹೋಯಿತು. ನಾನು ಪೋಡಿಯಂಗಳನ್ನು ಇಷ್ಟು ಕಟುವಾಗಿ ನೋಡಲು ಇದೂ ಒಂದು ಕಾರಣ: ಅವು ಬೀದಿಯ ಕಣ್ಣುಗಳನ್ನು ಮುಚ್ಚುತ್ತವೆ. ನಾಲ್ಕು ಮಹಡಿಯ ಜಾಲರಿ ಗೋಡೆಯ ಕೆಳಗೆ ರಾತ್ರಿ ಒಂಬತ್ತಕ್ಕೆ ಒಬ್ಬಳೇ ನಡೆದುಬರುವ ಹುಡುಗಿಗೂ, ಕಿಟಕಿ, ಅಂಗಡಿ, ದೀಪಗಳಿರುವ ಬೀದಿಯಲ್ಲಿ ಬರುವ ಹುಡುಗಿಗೂ ಊರು ಒಂದೇ ಅಲ್ಲ.

ಮಾಟುಂಗಾದವರಿಗೆ ಜಾಗದ ಬೆಲೆ ಗೊತ್ತಿಲ್ಲವೆಂದಲ್ಲ. ಇಲ್ಲಿನ ಮೇಲ್ಸೇತುವೆಯ ಅಡಿ ವಾಹನಗಳು ನಿಲ್ಲದಂತೆ ನಿವಾಸಿಗಳು ಪಟ್ಟುಹಿಡಿದು, 2016ರಲ್ಲಿ ಅಲ್ಲಿ ನಾನಾಲಾಲ್ ಡಿ. ಮೆಹ್ತಾ ಉದ್ಯಾನ ಆಗುವಂತೆ ಮಾಡಿದರು. ನರ್ಮದೆಯ ಹರಿವಿನ ಆಕಾರದಲ್ಲಿ ಅಲ್ಲೊಂದು ಕಾಲುದಾರಿಯಿದೆ. ಸಭೆಯಲ್ಲಿದ್ದ ಕೆಲವರು ದಿನವೂ ಅಲ್ಲಿ ನಡೆಯುತ್ತಾರೆ. ರಸ್ತೆಯ ಅಡಿ ಸಾಧ್ಯವಾದದ್ದು ತಮ್ಮ ಮನೆಯ ಅಡಿ ಯಾಕಾಗದು ಎಂದು ಒಬ್ಬಾಕೆ ಕೇಳಿದ್ದು ನನಗೆ ಬಲ ಕೊಟ್ಟಿತು.

ನಿಯಮದ ಮೂಲದಲ್ಲಿರುವ ತಪ್ಪು

ಬಿಲ್ಡರ್ ಒಬ್ಬರ ಮೇಲೆ ಎಲ್ಲ ಹೊರೆ ಹಾಕಿ ಸುಮ್ಮನಾಗುವುದು ಸುಲಭ. ದೊಡ್ಡ ಫ್ಲ್ಯಾಟ್ ಕೊಳ್ಳುವವರು ಎರಡು ಕಾರಿಗೆ ಜಾಗ ಕೇಳುತ್ತಾರೆ ಎನ್ನುವುದು ಅವರ ಅನುಭವ. ಅವರು ಹಂಚಿದ ಕರಪತ್ರದಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್ ಮತ್ತು 2024ರಿಂದ ಹಂತಹಂತವಾಗಿ ತೆರೆದ 10.58 ಕಿಲೋಮೀಟರ್ ಕೋಸ್ಟಲ್ ರೋಡ್ ತಲುಪಲು ಎಷ್ಟು ನಿಮಿಷ ಎಂಬುದು ದಪ್ಪ ಅಕ್ಷರಗಳಲ್ಲಿತ್ತು. ಸರಕಾರವೇ ಕಾರಿಗಾಗಿ ಸಮುದ್ರ ತುಂಬಿಸಿ ರಸ್ತೆ ಮಾಡುತ್ತಿರುವಾಗ, ಮಾರುವವರು ಅದನ್ನು ಬಳಸಿಕೊಳ್ಳುವುದರಲ್ಲಿ ಅಚ್ಚರಿಯೇನಿಲ್ಲ. ಇದಲ್ಲದೆ ಪಾರ್ಕಿಂಗಿನಲ್ಲಿ ಹಣವೂ ಇದೆ. ಸ್ಟಿಲ್ಟ್ ಪಾರ್ಕಿಂಗನ್ನು (ಕಟ್ಟಡದ ಅಡಿ ಕಂಬಗಳ ನಡುವಿನ ಜಾಗ) ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮನೆ ಮಾರಾಟವನ್ನು ನಿಯಂತ್ರಿಸುವ ರೇರಾ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಮುಚ್ಚಿದ ಪಾರ್ಕಿಂಗ್ ಜಾಗ ಮತ್ತೆ ಬೆಲೆಯುಳ್ಳ ಸರಕಾಗಿದೆ.

ತಪ್ಪು ಇರುವುದು ನಿಯಮ ಒಂದು ಪ್ರಶ್ನೆಯನ್ನು ಕೇಳದೇ ಇರುವುದರಲ್ಲಿ: ಈ ಮನೆ ನಿಲ್ದಾಣದಿಂದ ಎಷ್ಟು ದೂರ? ಮಾಟುಂಗಾಕ್ಕೆ ಮೂರು ರೈಲು ಮಾರ್ಗಗಳಿವೆ. ಸೆಂಟ್ರಲ್‌ನಲ್ಲಿ ಮಾಟುಂಗಾ (ಸಿಬ್ಬಂದಿಯೆಲ್ಲ ಮಹಿಳೆಯರೇ ಆಗಿ 2017ರಲ್ಲಿ ದೇಶಕ್ಕೇ ಮೊದಲ ಮಾದರಿಯಾದ ನಿಲ್ದಾಣ ಇದು), ಹಾರ್ಬರ್‌ನಲ್ಲಿ ಕಿಂಗ್ಸ್ ಸರ್ಕಲ್, ವೆಸ್ಟರ್ನ್‌ನಲ್ಲಿ ಮಾಟುಂಗಾ ರೋಡ್. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ 33.5 ಕಿಲೋಮೀಟರಿನ ಮೆಟ್ರೋ 3 ಪಕ್ಕದ ದಾದರ್‌ನಲ್ಲಿ ಹಾದುಹೋಗುತ್ತದೆ. ಇಂಥ ಜಾಗದಲ್ಲೂ ದೊಡ್ಡ ಮನೆಗೆ ಕನಿಷ್ಠ ಎರಡು ಕಾರಿನ ಜಾಗ ಇರಲೇಬೇಕು ಎಂದರೆ, ಸಾವಿರಾರು ಕೋಟಿ ಸುರಿದು ಹಾಕಿದ ಹಳಿಯ ಪಕ್ಕದಲ್ಲೇ ಆ ಹಳಿಯನ್ನು ಬಳಸದಿರಲು ಅನುಕೂಲ ಮಾಡಿಕೊಟ್ಟಂತೆ. ಲಂಡನ್ 2004ರಲ್ಲಿ ಕನಿಷ್ಠ ಪಾರ್ಕಿಂಗಿನ ಕಟ್ಟಳೆಯನ್ನು ಕೈಬಿಟ್ಟು ಗರಿಷ್ಠ ಮಿತಿಯನ್ನು ತಂದಿತು. ನಮ್ಮದೇ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಎಂದು ಘೋಷಿಸಿದೆ.

ದೂರ ಹೋಗುವುದೇ ಬೇಡ. ಖಾಡಿಯಾಚೆ (ಕಡಲಿನ ಹಿನ್ನೀರಿನಾಚೆ) ನವಿ ಮುಂಬಯಿಯಲ್ಲಿ, ಆ ಊರನ್ನು ಕಟ್ಟಿದ ಸರಕಾರಿ ಸಂಸ್ಥೆ ಸಿಡ್ಕೊ ರೈಲು ಮಾರ್ಗದ ವೆಚ್ಚದ 67 ಶೇಕಡಾವನ್ನು ತಾನೇ ಭರಿಸಿತು, ಉಳಿದದ್ದನ್ನು ರೈಲ್ವೆ. 1992ರಲ್ಲಿ ವಾಶಿಗೆ ರೈಲು ಬಂತು. ನಿಲ್ದಾಣದ ಮೇಲೆಯೇ ಕಚೇರಿಗಳನ್ನು ಕಟ್ಟಿದರು. ರೈಲು ನೆಲದ ಬೆಲೆ ಏರಿಸುತ್ತದೆ, ಆ ಏರಿಕೆಯಿಂದಲೇ ರೈಲನ್ನು ಕಟ್ಟಬಹುದು ಎಂಬ ತಿಳಿವಳಿಕೆ ಅಲ್ಲಿತ್ತು. ಮಾಟುಂಗಾದ ನಮ್ಮ ನಿವೇಶನದಲ್ಲಿ ಆ ಏರಿದ ಬೆಲೆ ಪೋಡಿಯಂನ ಕಾಂಕ್ರೀಟಿಗೆ ಹೋಗುತ್ತಿತ್ತು.

ಏನಾಯಿತು

ಸಂಘ ಮೂರು ಬೇಡಿಕೆಗಳನ್ನು ಬರವಣಿಗೆಯಲ್ಲಿ ಕೊಟ್ಟಿತು. ಅಂಗಡಿಗಳು ರಸ್ತೆಗೇ ಮುಖ ಮಾಡಿರಬೇಕು. ಹಳೆಯ ಮನೆಗಳ ಪಾಲಿನ ಆರು ಪಾರ್ಕಿಂಗ್ ಜಾಗಗಳು ಯಾವ ಮನೆಗೂ ಅಂಟಿಕೊಳ್ಳದೆ ಸಂಘದ ಹೆಸರಿನಲ್ಲಿರಬೇಕು. ಮಾರಾಟದ ಫ್ಲ್ಯಾಟ್‌ಗಳಲ್ಲಿ ಅರ್ಧದಷ್ಟಾದರೂ ಚಿಕ್ಕವಿರಬೇಕು.

ಮೊದಲನೆಯದಕ್ಕೆ ಒಪ್ಪಿಗೆ ಬೇಗ ಸಿಕ್ಕಿತು. ರ‍್ಯಾಂಪನ್ನು ಓಣಿಯ ಕಡೆಗೆ ತಿರುಗಿಸಿದರು. ಎರಡನೆಯದನ್ನೂ ಒಪ್ಪಿದರು. ಮೂರನೆಯದಕ್ಕೆ ಮೊದಲು ಆಗದು ಎಂದರು. ನಾವು ಪೋಡಿಯಂನ ಒಂದು ಮಹಡಿ ಕಡಿಮೆಯಾದರೆ ಎಷ್ಟು ಕಾಂಕ್ರೀಟು, ಎಷ್ಟು ತಿಂಗಳು ಉಳಿಯುತ್ತದೆ ಎಂಬ ಲೆಕ್ಕ ಮುಂದಿಟ್ಟ ಮೇಲೆ ಮಾತುಕತೆ ಮುಂದುವರಿಯಿತು. ಕೊನೆಗೆ 24 ದೊಡ್ಡ ಫ್ಲ್ಯಾಟ್‌ಗಳ ಬದಲು 16 ದೊಡ್ಡವು, 16 ಚಿಕ್ಕವು ಎಂದು ತೀರ್ಮಾನವಾಯಿತು. ಪಾರ್ಕಿಂಗ್ ಸುಮಾರು 60ರಿಂದ 46ಕ್ಕೆ ಇಳಿದು, ಪೋಡಿಯಂ ಮೂರು ಮಹಡಿಯಾಯಿತು. ಎಂಟು ಕುಟುಂಬಗಳು ಹೆಚ್ಚಾದವು, ಹದಿನಾಲ್ಕು ಕಾರುಗಳು ಕಡಿಮೆಯಾದವು. ನಾನು ಬಯಸಿದ್ದಕ್ಕಿಂತ ಇದು ಬಹಳ ಕಡಿಮೆ. ನಿಯಮ ಬದಲಾಗದೆ ಒಂದು ನಿವೇಶನದಲ್ಲಿ ಪಡೆಯಬಹುದಾದದ್ದು ಇಷ್ಟೇ ಎಂದು ಕಾಣುತ್ತದೆ.

ಆರು ಜಾಗಗಳ ಹಂಚಿಕೆಗೆ ಸಂಘ ಮಾಡಿಕೊಂಡ ಕಟ್ಟಳೆ ಬೇರೆ ಕಟ್ಟಡಗಳವರಿಗೂ ಉಪಯೋಗವಾದೀತು. ಗೇಟಿನ ಒಳಗಿನ ಮೊದಲ ಜಾಗವನ್ನು ಯಾರಿಗೂ ಕೊಡುವುದಿಲ್ಲ. ಅದು ಆಂಬುಲೆನ್ಸ್ ಮತ್ತು ಟ್ಯಾಕ್ಸಿಗೆ. ಉಳಿದ ಐದನ್ನು ಕಾರಿರುವ ಮನೆಯವರಿಗೆ ತಿಂಗಳ ಬಾಡಿಗೆಗೆ ಕೊಡುವುದು, ವರ್ಷಕ್ಕೊಮ್ಮೆ ಚೀಟಿ ಎತ್ತುವುದು, ನಡೆಯಲಾಗದವರಿರುವ ಮನೆಗೆ ಚೀಟಿಯಿಲ್ಲದೆ ಮೊದಲ ಹಕ್ಕು. ಬಾಡಿಗೆಯ ಹಣ ಲಿಫ್ಟಿನ ನಿರ್ವಹಣೆಗೆ. ಬ್ಯಾಂಕಿನ ಮಾಮನೇ ಈ ಕಟ್ಟಳೆಯ ಕರಡನ್ನು ಬರೆದರು. ತಿದ್ದಿದ ನಕ್ಷೆಯ ಜೊತೆಗೆ ಅದನ್ನೂ ಒಪ್ಪಂದದ ಕರಡಿಗೆ ಸೇರಿಸಲಾಗಿದೆ. ಚಿಕ್ಕ ಫ್ಲ್ಯಾಟ್‌ಗಳನ್ನು ಕೊಳ್ಳುವವರಿಗೂ ಇದೇ ಪದ್ಧತಿ ಅನ್ವಯಿಸಬೇಕೇ ಎಂಬ ಬಗ್ಗೆ ಬಿಲ್ಡರ್ ಜೊತೆ ಚರ್ಚೆ ಇನ್ನೂ ನಡೆಯುತ್ತಿದೆ.